ಡಬ್ಬಿಗೊಂದು ಗವಸು

ಗವಸಮ್ಮನ ಮನೆಯಲ್ಲಿ ಗವಸಿಲ್ಲದೆ ಉಳಿದದ್ದು ಒಂದೇ, ಅವಳ ಓರಗಿತ್ತಿಯ ಬಾಯಿ ಎಂದು ಬೀದಿಯವರು ನಗುತ್ತಿದ್ದರು. ಮಿಕ್ಕಿದ್ದಕ್ಕೆಲ್ಲ ಇತ್ತು. ರೇಡಿಯೋಗಿತ್ತು, ಟಿವಿಗಿತ್ತು, ಟಿವಿಯ ರಿಮೋಟಿಗಿತ್ತು, ಮಿಕ್ಸಿಗೆ, ಗ್ಯಾಸಿನ ಸಿಲಿಂಡರಿಗೆ, ನೀರಿನ ಫಿಲ್ಟರಿಗೆ, ಕೊನೆಗೆ ಗವಸು ಹೊಲಿಯುವ ಮೆಷಿನ್ನಿಗೂ ಒಂದು ಗವಸಿತ್ತು. ನಲವತ್ತು ವರ್ಷದಿಂದ ಅದೇ ಅವಳ ಕಸುಬು. ಸ್ಕೂಟರ್ ಕೊಂಡವರು, ಹೊಸ ಸೋಫಾ ತಂದವರು, ಕಂಪ್ಯೂಟರ್ ಇಟ್ಟುಕೊಂಡ ಆಫೀಸಿನವರು ಅವಳ ಹತ್ತಿರ ಬರುತ್ತಿದ್ದರು. ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆಯುವಳು. ಬರೆದುಕೊಳ್ಳುವ ಅಭ್ಯಾಸವಿಲ್ಲ, ಬರೆಯಲು ಬರುತ್ತಿದ್ದದ್ದೂ ಅಷ್ಟಕ್ಕಷ್ಟೇ. ಎಲ್ಲ ತಲೆಯಲ್ಲೇ ಇರುತ್ತಿತ್ತು. ಹತ್ತು ವರ್ಷ ಬಿಟ್ಟು ಬಂದು "ಅದೇ ಅಳತೆಗೆ ಇನ್ನೊಂದು ಹೊಲಿದುಕೊಡಿ" ಎಂದರೂ ಹೊಲಿದುಕೊಡುತ್ತಿದ್ದಳು. ಅವಳ ನಿಜವಾದ ಹೆಸರು ಗೊತ್ತಿದ್ದವರು ಒಬ್ಬೊಬ್ಬರಾಗಿ ತೀರಿಕೊಂಡಿದ್ದರು.

ಮನೆ ಮೊದಲನೇ ಮಹಡಿಯಲ್ಲಿ. ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದಕ್ಕೆ ರಸ್ತೆಯ ಕಡೆ ದೊಡ್ಡ ಕಿಟಕಿ. ನಡುವಿನದು ಅಡುಗೆಮನೆ, ಅದಕ್ಕೆ ಕಿಟಕಿಯೇ ಇಲ್ಲ. ಹಿಂದಿನ ಕೋಣೆಯ ಕಿಟಕಿ ತೆರೆದರೆ ಒಂದು ನೀರಿನ ಟ್ಯಾಂಕು, ಪಕ್ಕದ ಕಟ್ಟಡದ ಬೋಳು ಗೋಡೆ, ಗೋಡೆಯ ಬಿರುಕಿನಲ್ಲಿ ಯಾರೂ ನೆಡದೆ ತಾನಾಗಿ ಹುಟ್ಟಿದ ಒಂದು ಗಿಡ. ಮುಂದಿನ ಕಿಟಕಿಯಿಂದ ಹಿಂದಿನ ಕಿಟಕಿಗೆ ಮೂವತ್ತನಾಲ್ಕು ಹೆಜ್ಜೆ. ಗವಸಮ್ಮ ಆ ಹೆಜ್ಜೆಗಳನ್ನು ಸಿಟ್ಟಿನಲ್ಲಿ ಎಣಿಸಿದ್ದಳು, ಮದುವೆಯಾಗಿ ಬಂದ ಆರನೇ ವರ್ಷದಲ್ಲಿ.

ಆ ವರ್ಷ ಅವಳ ಮೈದುನನ ಮದುವೆಯಾಯಿತು. ಅಲ್ಲಿಯವರೆಗೆ ಮುಂದಿನ ಕೋಣೆ ಗವಸಮ್ಮನದು, ಅವಳ ಗಂಡನದು. ಅತ್ತೆ ಒಂದು ಬೆಳಿಗ್ಗೆ ಅವಳ ಹಾಸಿಗೆಯನ್ನು ತಾವೇ ಸುತ್ತಿ ಹಿಂದಿನ ಕೋಣೆಗೆ ಹೊತ್ತುಕೊಂಡು ಹೋದರು. "ಚಿಕ್ಕವನಿಗೆ ಗಾಳಿ ಬೆಳಕು ಬೇಕು ಕಣಮ್ಮ. ನೀವು ದೊಡ್ಡವರು, ಹೊಂದ್ಕೋಬೇಕು." ದೊಡ್ಡವಳಿಗೆ ಆಗ ಇಪ್ಪತ್ತೈದು ವಯಸ್ಸು. ಆಗ ರಸ್ತೆಯ ಎರಡೂ ಬದಿಗೆ ಮರಗಳಿದ್ದವು, ಸೈಕಲ್ಲುಗಳು ಓಡಾಡುತ್ತಿದ್ದವು, ಸಂಜೆ ಕಿಟಕಿಯಲ್ಲಿ ಕೂತರೆ ಇಡೀ ಊರೇ ನಡೆದುಹೋದ ಹಾಗೆ. ಹೊಸದಾಗಿ ಬಂದ ಓರಗಿತ್ತಿಯನ್ನು ಅತ್ತೆ "ಚಿಕ್ಕವಳೇ" ಎಂದು ಕರೆದರು. ಅರವತ್ತು ದಾಟಿದ ಮೇಲೂ ಅವಳು ಚಿಕ್ಕವಳಾಗಿಯೇ ಉಳಿದಳು.

ಗವಸಮ್ಮ ಹೊಂದಿಕೊಂಡಳು, ಆದರೆ ಮರೆಯಲಿಲ್ಲ. ಮರೆಯುವ ತಲೆಯೇ ಅಲ್ಲ ಅವಳದು. ಟ್ಯಾಂಕಿನ ತುಕ್ಕನ್ನು ನೋಡುತ್ತ ಬೆಳಗಾಗಿಸಿದ ದಿನಗಳೆಲ್ಲ ಅವಳಿಗೆ ನೆನಪಿದ್ದವು. ಮುಂದಿನ ಕೋಣೆಯಿಂದ ನಗು ಕೇಳಿಸಿದರೆ ಮೆಷಿನ್ನನ್ನು ಜೋರಾಗಿ ತುಳಿಯುತ್ತಿದ್ದಳು.

ಅಷ್ಟರಲ್ಲಿ ರಸ್ತೆ ತಾನೇ ಬದಲಾಯಿತು. ಅಗಲ ಮಾಡಲು ಮರ ಕಡಿದರು. ಮೂರು ರಸ್ತೆ ಬಂದು ಸೇರುವಲ್ಲಿ, ಸರಿಯಾಗಿ ಅವರ ಕಿಟಕಿಯ ಕೆಳಗೆ, ಸಿಗ್ನಲ್ ದೀಪ ನೆಟ್ಟರು. ಅಲ್ಲಿಂದ ಮುಂದೆ ರಸ್ತೆ ಏರು. ಲಾರಿಗಳು, ಬಸ್ಸುಗಳು ಕೆಂಪು ದೀಪಕ್ಕೆ ನಿಂತು, ಹಸಿರು ಬಂದ ಕೂಡಲೆ ಏರು ಹತ್ತಲು ಮುಕ್ಕರಿದು ಹೊಗೆ ಬಿಡುತ್ತಿದ್ದವು. ಬಸ್ಸಿನ ಹೊಗೆ ಕೊಳವೆಯೂ ಚಿಕ್ಕವಳ ದಿಂಬೂ ಎದುರುಬದುರು ಎಂದರೂ ತಪ್ಪಲ್ಲ. ಆದರೂ ಆ ಮನೆಯಲ್ಲಿ ಮುಂದಿನ ಕೋಣೆ ಒಳ್ಳೆಯ ಕೋಣೆಯಾಗಿಯೇ ಉಳಿಯಿತು. ಒಮ್ಮೆ ಒಳ್ಳೆಯದು ಎನಿಸಿಕೊಂಡದ್ದನ್ನು ಮತ್ತೆ ಯಾರೂ ಮೂಸಿ ನೋಡಲಿಲ್ಲ.

ಮೈದುನ ಬೀಡಿ ಸಿಗರೇಟು ಮುಟ್ಟಿದವನಲ್ಲ. ಕೆಳಗಿನ ಅಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಹಗಲೆಲ್ಲ ರಸ್ತೆಗೆ ಮುಖ ಮಾಡಿ ಕೂರುವುದು, ರಾತ್ರಿ ರಸ್ತೆಗೆ ತಲೆ ಮಾಡಿ ಮಲಗುವುದು. ಐವತ್ತಕ್ಕೆ ಕೆಮ್ಮು ಹಿಡಿಯಿತು, ಐವತ್ತನಾಲ್ಕಕ್ಕೆ ಹೋದ. ಗವಸಮ್ಮನ ಗಂಡ ಅದಾಗಿ ಒಂಬತ್ತು ವರ್ಷಕ್ಕೆ ಸಕ್ಕರೆ ಕಾಯಿಲೆಯಲ್ಲಿ ಹೋದ. ಅತ್ತೆಯೂ ಇಲ್ಲ. ಮಕ್ಕಳಿಲ್ಲದ ಇಬ್ಬರು ಹೆಂಗಸರು, ಮೂರು ಕೋಣೆ, ಒಂದು ಮೆಷಿನ್ನು. ಒಬ್ಬಳು ಹೊಲಿಯುವಳು, ಇನ್ನೊಬ್ಬಳು ಕಾಜಾ ಮಾಡಿ ಗುಂಡಿ ಹಚ್ಚುವಳು, ಇಬ್ಬರೂ ಜಗಳವಾಡುವರು.

ಚಿಕ್ಕವಳ ಉಸಿರು ಸಿಳ್ಳೆ ಹಾಕಲು ಶುರುವಾದದ್ದು ಆಮೇಲೆ. ಮೆಟ್ಟಿಲು ಹತ್ತಿದರೆ ಸಿಳ್ಳೆ, ನಕ್ಕರೆ ಸಿಳ್ಳೆ. ಬಾಯಿಗೆ ಒತ್ತಿಕೊಳ್ಳುವ ಪಂಪು ಬಂತು. ಗವಸಮ್ಮ ಅದಕ್ಕೂ ಒಂದು ಗವಸು ಹೊಲಿದಳು, ಕುತ್ತಿಗೆಗೆ ಹಾಕಿಕೊಳ್ಳಲು ಲಾಡಿ ಸಮೇತ. ಬೀದಿಯ ದವಾಖಾನೆಗೆ ಹೊಸ ಡಾಕ್ಟರಮ್ಮ ಬಂದ ಕೆಲವು ತಿಂಗಳಿಗೆ ಇಬ್ಬರೂ ಹೋದರು, ಇವಳು ಮಂಡಿನೋವಿಗೆ, ಅವಳು ಉಸಿರಿಗೆ.

"ಮಲಗೋದೆಲ್ಲಿ?" ಡಾಕ್ಟರಮ್ಮ ಚಿಕ್ಕವಳನ್ನು ಕೇಳಿದರು.

"ಮನೇಲೇ ಡಾಕ್ಟರಮ್ಮ. ಈ ವಯಸ್ಸಲ್ಲಿ ಇನ್ನೆಲ್ಲಿ ಮಲಗ್ಲಿ?"

"ಅಯ್ಯೋ ಅದಲ್ಲಮ್ಮ. ಮುಂದಿನ ಕೋಣೆನೋ ಹಿಂದಿನ ಕೋಣೆನೋ?"

"ಮುಂದಿಂದು. ಒಳ್ಳೇ ಕೋಣೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ನಾನು ಬಂದು ಆರು ತಿಂಗಳಾಯ್ತು. ಈ ಸಿಗ್ನಲ್ ಸುತ್ತಮುತ್ತ ಉಸಿರಿಗೆ ಅಂತ ಬರೋರೆಲ್ಲ ಮುಂದಿನ ಕೋಣೆಯವರೇ. ಹಿಂದಿನ ಕೋಣೆಯವರು ಬರೋದು ಬರೀ ಮಂಡಿನೋವಿಗೆ." ಹಾಗೆನ್ನುತ್ತ ಗವಸಮ್ಮನ ಕಡೆ ನೋಡಿದರು. "ಅದೇ ಕಟ್ಟಡ, ಅದೇ ನೀರು, ಅದೇ ಒಲೆ. ನೀವಿಬ್ಬರು ಉಸಿರಾಡೋ ಗಾಳಿ ಮಾತ್ರ ಬೇರೆ ಬೇರೆ. ಇವರನ್ನ ಹಿಂದಕ್ಕೆ ಮಲಗಿಸಿ. ಇವತ್ತೇ."

ಮನೆಗೆ ಬರುವ ದಾರಿಯಲ್ಲೇ ಗವಸಮ್ಮನಿಗೆ ಲೆಕ್ಕ ಸಿಕ್ಕಿತು. ಇಷ್ಟು ವರ್ಷ ತನ್ನಿಂದ ಕಿತ್ತುಕೊಂಡರು ಎಂದು ಹೊಟ್ಟೆ ಉರಿದುಕೊಂಡ ಕೋಣೆ ಮೈದುನನನ್ನು ತಿಂದಿತ್ತು, ಈಗ ಅವನ ಹೆಂಡತಿಯನ್ನು ತಿನ್ನುತ್ತಿತ್ತು. ತುಕ್ಕು ಹಿಡಿದ ಟ್ಯಾಂಕು ನೋಡಿಕೊಂಡು ಶಾಪ ಹಾಕುತ್ತ ಮಲಗಿದ್ದ ತಾನು ಮಾತ್ರ ಗುಂಡುಕಲ್ಲಿನ ಹಾಗೆ ಇದ್ದಳು.

ಅದನ್ನು ಚಿಕ್ಕವಳ ಹತ್ತಿರ ಹೇಳಲು ಹೋದರೆ, ಅವಳು ಬೇರೆಯೇ ರಾಗ ಎಳೆದಳು.

"ನಲವತ್ತು ವರ್ಷ ಹೊಂಚು ಹಾಕಿದ್ಯಲ್ಲ ಅಕ್ಕ. ಅತ್ತೆ ಇದ್ದಾಗ ಆಗ್ಲಿಲ್ಲ, ಈಗ ಡಾಕ್ಟರ ಬಾಯಲ್ಲಿ ಹೇಳ್ಸಿದೆ."

"ನಾನು ಹೇಳ್ಸಿದ್ನಾ? ನಿನ್ನ ಸಿಳ್ಳೆ ಹೇಳ್ತು."

"ನೀನು ಕಣ್ಣು ಮಿಟುಕಿಸಿದ್ದು ನಾನು ನೋಡ್ದೆ."

"ನನ್ನ ಕಣ್ಣಲ್ಲಿ ಪೊರೆ ಕಣೇ, ಮಾರಾಯ್ತಿ. ಅದು ಸದಾ ಮಿಟುಕುತ್ತೆ."

ಹೇಗೋ ಹಾಸಿಗೆ ಬದಲಾಯಿತು. ಚಿಕ್ಕವಳು ಹಿಂದಕ್ಕೆ ಹೋದಳು, ಗವಸಮ್ಮ ಮುಂದಕ್ಕೆ ಬಂದಳು. ಬೆಳಕು ಚೆನ್ನಾಗಿದೆ ಎಂದು ಮೆಷಿನ್ನನ್ನೂ ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡಳು. ನಾಲ್ಕು ತಿಂಗಳಲ್ಲಿ ಚಿಕ್ಕವಳ ಸಿಳ್ಳೆ ಇಳಿಯಿತು. ಮೆಟ್ಟಿಲ ನಡುವೆ ಒಂದೇ ಸಲ ನಿಂತು ಹತ್ತುವಷ್ಟಾದಳು. ಉಸಿರು ಬಂದ ಹಾಗೆ ನಾಲಿಗೆಗೂ ಬಲ ಬಂತು. ತರಕಾರಿಯವನು ಬಂದರೂ, ಪಕ್ಕದ ಮನೆಯವಳು ಬಂದರೂ ಅದೇ ಕತೆ: "ನನ್ನ ಕೋಣೇಲಿ ಈಗ ಅಕ್ಕ ಇದಾಳೆ. ನಾನು ಟ್ಯಾಂಕು ಕಾಯ್ತಾ ಇದೀನಿ." ಪಾಪ, ಅವಳಿಗೆ ಬೇಜಾರೂ ಆಗುತ್ತಿತ್ತು. ರಸ್ತೆಯಲ್ಲಿ ಯಾರು ಯಾರ ಜೊತೆ ಹೋದರು, ಯಾರು ದಪ್ಪಗಾದರು, ಹಳದಿ ಕೊಡೆಯ ಹೆಂಗಸು ಇವತ್ತು ಬಸ್ಸು ಹಿಡಿದಳೋ ತಪ್ಪಿಸಿಕೊಂಡಳೋ ಇದನ್ನೆಲ್ಲ ನೋಡಿಕೊಂಡೇ ಅವಳು ವಿಧವೆಯಾದ ಇಷ್ಟು ವರ್ಷ ಕಳೆದಿದ್ದಳು. ಈಗ ನೋಡಲು ಒಂದು ಗಿಡ. ಅದು ಎಲ್ಲಿಗೂ ಹೋಗುವುದಿಲ್ಲ, ಬರುವುದಿಲ್ಲ.

ಆಗ ಬಂದವಳು ಡಬ್ಬಿ ಹುಡುಗಿ. ನಗರದ ಆರೋಗ್ಯ ಕಚೇರಿಯವಳು. ಗಾಳಿಯ ಕೊಳೆ ಅಳೆಯುವ ಎರಡು ಬಿಳಿ ಡಬ್ಬಿ ತಂದಿದ್ದಳು. ಒಂದೊಂದೂ ಬಿಸ್ಕತ್ತಿನ ಟಿನ್ನಿನಷ್ಟು, ಕೆಳಗೆ ಸಣ್ಣ ಸಣ್ಣ ಸೀಳು, ಮುಂದೆ ಮಿಣಮಿಣ ಎನ್ನುವ ಹಸಿರು ದೀಪ. ಒಂದನ್ನು ಮುಂದಿನ ಕಿಟಕಿಯ ಸರಳಿಗೆ ಹೊರಗಡೆ ಕಟ್ಟಿದಳು, ಇನ್ನೊಂದನ್ನು ಹಿಂದಿನ ಕಿಟಕಿಗೆ.

"ಊರಲ್ಲಿ ಅರವತ್ತು ಕಡೆ ಹಾಕ್ತಿದೀವಿ ಅಮ್ಮ. ದಿಬ್ಬದ ಮೇಲೆ, ಕಾರ್ಖಾನೆ ಹತ್ರ, ಪಾರ್ಕಲ್ಲಿ. ಒಂದೇ ಊರಾದ್ರೂ ಒಂದೊಂದು ಕಡೆ ಒಂದೊಂದು ಥರ ಇರುತ್ತೆ. ನಿಮ್ಮನೇಲಿ ಮಾತ್ರ ಎರಡು, ಹಿಂದೆ ಮುಂದೆ ಎಷ್ಟು ವ್ಯತ್ಯಾಸ ಅಂತ ನೋಡೋಕೆ. ಡಾಕ್ಟರಮ್ಮ ಹೇಳಿ ಕಳಿಸಿದ್ರು."

"ಅಳೆಯುತ್ತೆ ಅಂತೀಯಲ್ಲ, ಟೇಪೆಲ್ಲಿ?"

ಹುಡುಗಿ ನಕ್ಕಳು. "ಒಳಗಿದೆ ಅಂದ್ಕೊಳ್ಳಿ. ತಾನೇ ಅಳೆದು ತಾನೇ ಆಫೀಸಿಗೆ ಕಳಿಸುತ್ತೆ. ನೀವೇನೂ ಮಾಡೋದು ಬೇಡ. ಸ್ವಲ್ಪ ಜೋಪಾನ ನೋಡ್ಕೊಳ್ಳಿ ಅಷ್ಟೆ. ಹೊಸಾದು, ತುಂಬ ಸೂಕ್ಷ್ಮ."

ಜೋಪಾನ ನೋಡ್ಕೊಳ್ಳಿ ಎಂದು ಗವಸಮ್ಮನಿಗೆ ಹೇಳಿ ಆ ಹುಡುಗಿ ಮೆಟ್ಟಿಲಿಳಿದು ಹೋದಳು.

ಎರಡೇ ದಿನಕ್ಕೆ ಮುಂದಿನ ಡಬ್ಬಿಯ ನೆತ್ತಿ ಬೂದಿ ಬಣ್ಣಕ್ಕೆ ತಿರುಗಿತು. ಗವಸಮ್ಮ ಬೆರಳಿನಿಂದ ಒರೆಸಿದಳು, ಬೆರಳು ಕಪ್ಪಾಯಿತು. ಅವಳಿಗೆ ತಡೆಯಲಾಗಲಿಲ್ಲ. ಕೊಳೆ ಹತ್ತಿದ ಟೇಪು ಅಂಟಿಕೊಂಡು ಅಳತೆ ತಪ್ಪುತ್ತದೆ, ಅಳತೆ ತಪ್ಪಿದರೆ ಬಟ್ಟೆಯೆಲ್ಲ ದಂಡ ಎನ್ನುವುದು ನಲವತ್ತು ವರ್ಷದಿಂದ ಗೊತ್ತಿದ್ದ ಸಂಗತಿ. ಪಾಪದ ಹುಡುಗಿ, ಹೊಸ ಕೆಲಸ, ಒಳಗಿನ ಟೇಪಿಗೆ ಮಸಿ ಹತ್ತಿದರೆ ಅವಳ ತಲೆಗೇ ಬರುತ್ತದೆ. ಗವಸಮ್ಮ ಡಬ್ಬಿಯನ್ನು ಅಳೆದಳು. ಒಳ್ಳೆಯ ದಪ್ಪ ಬಿಳಿ ಬಟ್ಟೆ ಎರಡು ಪದರ ತೆಗೆದುಕೊಂಡು, ನಡುವೆ ತೆಳ್ಳಗೆ ಹತ್ತಿ ತುಂಬಿ, ಅಂಚಿಗೆ ನೀಲಿ ಪಟ್ಟಿ ಕೊಟ್ಟು, ಕೆಳಗೆ ಬಿಗಿಯಾಗಿ ಕಟ್ಟಲು ಲಾಡಿ ಹಾಕಿ ಹೊಲಿದಳು. ಹಸಿರು ದೀಪಕ್ಕೆಂದು ಗುಂಡಿಯ ಕಾಜಾದಷ್ಟು ಒಂದು ಕಣ್ಣು ಬಿಟ್ಟಳು. ಅಂಥ ಗವಸು ಅವಳು ಟಿವಿಗೂ ಹೊಲಿದಿರಲಿಲ್ಲ.

ಹೊಲಿದದ್ದು ಎರಡು. ಹಿಂದಿನದಕ್ಕೆ ಹಾಕಲು ಹೋದಾಗ ಚಿಕ್ಕವಳು ಹಾಸಿಗೆಯ ಮೇಲಿಂದಲೇ ಕೈ ಅಡ್ಡ ಹಿಡಿದಳು.

"ಬೇಡ. ಅದರ ತಂಟೆಗೆ ಬರಬೇಡ."

"ಯಾಕೆ?"

"ಆ ದೀಪ ಒಂದೇ ನನ್ನ ಕಡೆ ನೋಡೋದು ಈ ಕೋಣೇಲಿ. ಅದಕ್ಕೂ ಮುಸುಕು ಹಾಕ್ತೀಯಾ?"

"ಕಣ್ಣು ಬಿಟ್ಟಿದೀನಿ ನೋಡೇ ಇಲ್ಲಿ."

"ಒಂದು ಕಣ್ಣಲ್ಲಿ ನೋಡಿದ್ರೆ ಕಳ್ಳನ ಹಾಗಿರುತ್ತೆ. ಬೇಡ ಅಂದ್ರೆ ಬೇಡ."

ಇಲ್ಲಿ ಹೇಗೂ ಅಷ್ಟು ಧೂಳು ಬೀಳುವುದಿಲ್ಲ, ಹೋಗಲಿ ಎಂದುಕೊಂಡು ಗವಸಮ್ಮ ಎರಡನೇ ಗವಸನ್ನು ಹೊರಗಡೆ ಅದೇ ಕಿಟಕಿಯ ಮೊಳೆಗೆ ನೇತುಹಾಕಿದಳು. ಮನಸ್ಸು ಬದಲಾದರೆ ಕೈಗೆ ಸಿಗಲಿ ಎಂದು. ಅದು ಅಲ್ಲೇ ನೇತಾಡಿಕೊಂಡಿತ್ತು.

ಮೂರು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಕಾಗದ ಬಂತು. ಓದಲು ಚೆನ್ನಾಗಿ ಬರುತ್ತಿದ್ದದ್ದು ಚಿಕ್ಕವಳಿಗೆ, ಏಳನೇ ಕ್ಲಾಸಿನವರೆಗೆ ಹೋಗಿದ್ದವಳು. ಆದರೆ ಈ ಕಾಗದಕ್ಕೆ ಓದು ಬೇಕಿರಲಿಲ್ಲ. ಎರಡು ಪಟ್ಟಿ ಅಚ್ಚು ಹಾಕಿದ್ದರು. ಮುಂದಿನ ಕಿಟಕಿ ಎಂದು ಬರೆದಲ್ಲಿ ಗಿಳಿ ಹಸಿರು. ಹಿಂದಿನ ಕಿಟಕಿ ಎಂದು ಬರೆದಲ್ಲಿ ಕಿತ್ತಳೆ.

ಚಿಕ್ಕವಳು ಅದನ್ನು ಎರಡು ಸಲ ಓದಿದಳು. ಮುಖದಲ್ಲಿ ಒಂದು ಥರದ ಬೆಳಕು ಬಂತು.

"ಮುಂದೆ: ಉತ್ತಮ. ಹಿಂದೆ: ಸೂಕ್ಷ್ಮ ಆರೋಗ್ಯದವರು ಎಚ್ಚರ ವಹಿಸಬೇಕು. ಕೇಳಿಸ್ತಾ ಅಕ್ಕ? ಎಚ್ಚರ ವಹಿಸಬೇಕಂತೆ. ನನ್ನನ್ನ ತಂದು ಎಲ್ಲಿ ಹಾಕಿದೀಯ ನೀನು?"

"ಅದು ಹೇಗಾಗುತ್ತೆ? ದಿನಾ ಬೆಳಿಗ್ಗೆ ಆ ಕಿಟಕಿ ಒರೆಸೋಳು ನಾನು. ಬಟ್ಟೆ ಹಿಂಡಿದ್ರೆ ಶಾಯಿ ಥರ ಬರುತ್ತೆ."

"ನಿನ್ನ ಮಸಿಬಟ್ಟೆ ದೊಡ್ಡದೋ ಸರ್ಕಾರದ ಮೆಷಿನ್ನು ದೊಡ್ಡದೋ?"

"ಡಾಕ್ಟರಮ್ಮನ್ನ ಒಂದು ಮಾತು ಕೇಳೋಣ ಇರು."

"ಹೋಗು, ಕೇಳು. ನಿಂಗೆ ಬೇಕಾದ್ದು ಹೇಳಿಸ್ಕೊಂಡು ಬಾ, ಹೋದ ಸಲದ ಹಾಗೆ."

ಆ ಮಾತು ಗವಸಮ್ಮನಿಗೆ ನಾಟಿತು. ಡಾಕ್ಟರ ಹತ್ತಿರ ಹೋಗಲು ಕಾಲು ಬರಲಿಲ್ಲ. ಹೋದರೆ ಕೋಣೆ ಉಳಿಸಿಕೊಳ್ಳಲು ಹೋದಳು ಎಂದಾಗುತ್ತದೆ. ಇಷ್ಟು ವರ್ಷ ಅವಳು ಆ ಕೋಣೆಯ ಮೇಲೆ ಆಸೆ ಇಟ್ಟದ್ದು ನಿಜವೇ ಆಗಿತ್ತಲ್ಲ, ಅದೇ ಅವಳ ಬಾಯಿ ಕಟ್ಟಿತು. ಸುಳ್ಳು ಆರೋಪವಾಗಿದ್ದರೆ ಕಾಲು ಕೆದರಿ ಜಗಳವಾಡುತ್ತಿದ್ದಳು. ಮೂಗಿಗೆ ಹೊಗೆ ಬಡಿಯುತ್ತಿದ್ದರೂ, ಸರಿ, ದೊಡ್ಡ ಓದಿನವರು ಮಾಡಿದ ಮೆಷಿನ್ನು, ಕಣ್ಣಿಗೆ ಕಾಣದ್ದು ಅದಕ್ಕೆ ಕಾಣುತ್ತದೇನೋ ಎಂದುಕೊಂಡಳು. ಸಂಜೆಯೊಳಗೆ ತನ್ನ ಹಾಸಿಗೆಯನ್ನು ತಾನೇ ಸುತ್ತಿ ಹಿಂದಕ್ಕೆ ಹೊತ್ತುಕೊಂಡು ಹೋದಳು. ಎರಡನೇ ಸಲ.

ಚಿಕ್ಕವಳು ಒಂದು ವಾರ ಹೊಸ ಮದುವಣಗಿತ್ತಿಯ ಹಾಗಿದ್ದಳು. ಬೆಳಿಗ್ಗೆ ಎದ್ದ ಕೂಡಲೆ ಕಿಟಕಿ. "ಅಕ್ಕ, ಹಳದಿ ಕೊಡೆಯವಳು ಕೂದಲು ಕತ್ತರಿಸ್ಕೊಂಡಿದಾಳೆ! ಅಕ್ಕ, ಎದುರಿನ ಚಪ್ಪಲಿ ಅಂಗಡಿಯವನಿಗೆ ಹಲ್ಲು ಕಟ್ಟಿಸಿದಾರೆ, ಬಾಯಿ ಮುಚ್ಚೋಕೇ ಆಗ್ತಿಲ್ಲ ಪಾಪ!" ಗವಸಮ್ಮ ಮೆಷಿನ್ನಿನ ಮುಂದೆ ಕೂತು ಹೂಂಗುಟ್ಟುತ್ತಿದ್ದಳು. ಬೆಳಕಿಗಾಗಿ ಮೆಷಿನ್ನು ಮುಂದಿನ ಕೋಣೆಯಲ್ಲೇ ಉಳಿದಿತ್ತು.

ಎಂಟನೇ ದಿನ ಸಿಳ್ಳೆ ಮರಳಿತು. ಹನ್ನೊಂದನೇ ದಿನ ಚಿಕ್ಕವಳು ಹಾಸಿಗೆಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ಎರಡು ಸಲ ಗೋಡೆ ಹಿಡಿದಳು. "ಚಳಿಗಾಲ ಅಲ್ವಾ" ಎಂದಳು. ಚಳಿ ಇನ್ನೂ ಬಂದಿರಲಿಲ್ಲ. ಹದಿನಾಲ್ಕನೇ ದಿನ ಮಧ್ಯಾಹ್ನ ಗುಂಡಿ ಹಚ್ಚುತ್ತಿದ್ದವಳ ಕೈಯಿಂದ ಸೂಜಿ ಬಿತ್ತು. ಪಂಪು ಒತ್ತಿದಳು, ಬರಿಯ ಪುಸ್ ಎಂದಿತು, ಖಾಲಿ. ತುಟಿ ನೀಲಿಗಟ್ಟಿತು. ಗವಸಮ್ಮ ಮಂಡಿನೋವು ಮರೆತು ಮೆಟ್ಟಿಲಿಳಿದು ಓಡಿದಳು. ಚಪ್ಪಲಿ ಅಂಗಡಿಯವನೂ ಅವನ ತಮ್ಮನೂ ಬಂದು ಚಿಕ್ಕವಳನ್ನು ಕುರ್ಚಿಯ ಸಮೇತ ಎತ್ತಿಕೊಂಡು ದವಾಖಾನೆಗೆ ಹೋದರು. ಮೂಗು ಬಾಯಿಗೆ ಆಕ್ಸಿಜನ್ ಮುಖವಾಡ ಹಾಕಿದರು. ಎರಡು ದಿನ ಅಲ್ಲೇ.

"ಯಾವ ಕೋಣೆ?" ಡಾಕ್ಟರಮ್ಮ ಕೇಳಿದ್ದು ಅಷ್ಟೇ.

ಗವಸಮ್ಮ ಮಡಿಸಿಟ್ಟಿದ್ದ ಕಾಗದ ತೆಗೆದು ಕೊಟ್ಟಳು. ಡಾಕ್ಟರಮ್ಮ ಹಸಿರು ನೋಡಿದರು, ಕಿತ್ತಳೆ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನಂಗೆ ಇದು ಅರ್ಥ ಆಗ್ತಿಲ್ಲ" ಎಂದು ಅಲ್ಲಿಂದಲೇ ಡಬ್ಬಿ ಹುಡುಗಿಗೆ ಫೋನು ಮಾಡಿದರು.

ಚಿಕ್ಕವಳನ್ನು ಮನೆಗೆ ಕರೆತಂದ ದಿನವೇ ಹುಡುಗಿ ಬಂದಳು. ಚಿಕ್ಕವಳು ಮುಂದಿನ ಕೋಣೆಯಲ್ಲೇ ಮೂರು ದಿಂಬಿಗೆ ಒರಗಿ ಕೂತಿದ್ದಳು. ಡಾಕ್ಟರು ಕೋಣೆ ಬದಲಿಸಲು ಹೇಳಿದ್ದರೂ "ಸರ್ಕಾರದ ಕಾಗದ ಇದೆ" ಎಂದು ಕದಲಿರಲಿಲ್ಲ. ಹುಡುಗಿ ಕಿಟಕಿಯಾಚೆ ಬಗ್ಗಿ ನೋಡಿದಳು.

"ಅಮ್ಮಾ, ಇದೇನಿದು?"

"ಗವಸು ಕಣಮ್ಮ. ನೀನು ಜೋಪಾನ ಮಾಡಿ ಅಂದ್ಯಲ್ಲ. ಒಳಗೆ ಹತ್ತಿ ಕೊಟ್ಟಿದೀನಿ. ಒಂದು ಚೂರು ಧೂಳು ಒಳಗೆ ಹೋಗಿದ್ರೆ ಕೇಳು."

ಹುಡುಗಿ ಮೆಷಿನ್ನಿನ ಸ್ಟೂಲಿನ ಮೇಲೆ ಕುಸಿದು ಕೂತಳು. ನಗು ಬಂತೋ ಅಳು ಬಂತೋ ಅವಳಿಗೇ ತಿಳಿಯಲಿಲ್ಲ.

"ಅಮ್ಮಾ, ಒಳಗೆ ಹೋಗೋ ಧೂಳನ್ನೇ ಅದು ಎಣಿಸೋದು."

ರಸ್ತೆಯಲ್ಲಿ ಹಸಿರು ದೀಪ ಬಂತು. ಬಸ್ಸೊಂದು ಮುಕ್ಕರಿದು ಏರು ಹತ್ತಿತು. ಅದು ಹತ್ತಿ ಮುಗಿಯುವವರೆಗೆ ಆ ಕೋಣೆಯಲ್ಲಿ ಯಾರಿಗೂ ಮಾತಾಡಲು ಆಗುತ್ತಿರಲಿಲ್ಲ, ದಿನವೂ ಹಾಗೆಯೇ. ಅಷ್ಟು ಹೊತ್ತಿನಲ್ಲಿ ಗವಸಮ್ಮನಿಗೆ ಎಲ್ಲ ತಿಳಿದುಹೋಯಿತು.

"ಪಟ್ಟಿಯಲ್ಲಿ ನಿಮ್ಮ ಸಿಗ್ನಲ್ಲು ಊರಿಗೇ ಚೊಕ್ಕಟ ಅಂತ ಬಂದಿದೆ" ಎಂದಳು ಹುಡುಗಿ, ಸೋತ ದನಿಯಲ್ಲಿ. "ದಿಬ್ಬದ ಮೇಲಿನ ಬಂಗಲೆಗಳಿಗಿಂತ ಚೊಕ್ಕಟ. ನನ್ನ ಮೇಲಿನವರು ಖುಷಿಯಾಗಿದ್ರು. ನಾನೂ ಒಂದು ಸಲ ಬಂದು ನೋಡ್ಲಿಲ್ಲ. ಮುಚ್ಚಬೇಡಿ ಅಂತ ಹೇಳೋದು ನಂಗೆ ಹೊಳೀಲೇ ಇಲ್ಲ. ಅಂಥಾದ್ದನ್ನ ಯಾರಾದ್ರೂ ಮುಚ್ತಾರೆ ಅಂತ…"

"ನಾನು ಮುಚ್ತೀನಿ. ನಂಗೆ ಬರೋದು ಅದೊಂದೇ."

"ಮೇಲಿನವರಿಗೆ ಬರೀಬೇಕು. ಮತ್ತೆ ಮೂರು ತಿಂಗಳು ಅಳೀಬೇಕು. ಅಲ್ಲೀವರೆಗೂ ನನ್ನ ಹತ್ರ ತೋರಿಸೋಕೆ ಏನೂ ಇಲ್ಲಮ್ಮ."

ಗವಸಮ್ಮ ಲಾಡಿ ಬಿಚ್ಚಿ ಗವಸು ತೆಗೆದಳು. ಮೂವತ್ತನಾಲ್ಕು ಹೆಜ್ಜೆ ನಡೆದು ಹಿಂದಿನ ಕಿಟಕಿಯ ಮೊಳೆಯಲ್ಲಿ ನೇತಾಡುತ್ತಿದ್ದ ಇನ್ನೊಂದನ್ನೂ ತಂದಳು. ಎರಡನ್ನೂ ಚಿಕ್ಕವಳ ತೊಡೆಯ ಮೇಲೆ ಹಾಸಿದಳು.

ಒಂದೇ ತಾನಿನ ಬಟ್ಟೆ, ಒಂದೇ ದಿನ ಹೊಲಿದದ್ದು, ಅಷ್ಟೇ ದಿನ ಹೊರಗಿದ್ದದ್ದು. ಹಿಂದಿನದು ಸ್ವಲ್ಪ ಮಾಸಿತ್ತು, ಹೊದ್ದು ಮಡಿಸಿಟ್ಟ ಚಾದರದ ಹಾಗೆ. ಮುಂದಿನದು ಒಲೆಯ ಹಿಂದಿನ ಗೋಡೆಯ ಬಣ್ಣ. ನೀಲಿ ಪಟ್ಟಿ ಎಲ್ಲಿದೆ ಎಂದು ಹುಡುಕಬೇಕು. ಮುಟ್ಟಿದರೆ ಜಿಡ್ಡು.

"ಅಳತೆ ಕೆಡಿಸಿದ್ದು ನಾನು" ಎಂದಳು ಗವಸಮ್ಮ. "ನೀನು ಕೋಣೆ ಕೇಳಿದ್ದು ತಪ್ಪಲ್ಲ, ಆ ಕಾಗದ ತಪ್ಪು. ನೋಡು. ಓದೋಕೆ ಬರದೇ ಇರೋರಿಗೂ ತಿಳಿಯೋ ಕಾಗದ ಇದು."

ಚಿಕ್ಕವಳು ಏನಾದರೂ ಅನ್ನುತ್ತಾಳೆ, ಅನ್ನಲಿ ಎಂದು ಗವಸಮ್ಮ ಕಾದಳು. ಗವಸಿಲ್ಲದ ಆ ಬಾಯಿ ಮುಚ್ಚಿಯೇ ಇತ್ತು. ಚಿಕ್ಕವಳು ಕಪ್ಪು ಗವಸನ್ನು ಮಗ್ಗುಲು ಬದಲಿಸಿ ನೋಡಿದಳು. ಹೆಬ್ಬೆರಳಿನಿಂದ ಉಜ್ಜಿದಳು. ಹೆಬ್ಬೆರಳನ್ನು ನೋಡಿದಳು.

"ಮೂರು ತಿಂಗಳಿಗೆ ಇಷ್ಟು" ಎಂದಳು ಕೊನೆಗೆ. "ಅವರು ಇದೇ ಕಿಟಕಿಗೆ ತಲೆ ಕೊಟ್ಟು ಇಪ್ಪತ್ತೇಳು ವರ್ಷ ಮಲಗಿದ್ರಲ್ಲ ಅಕ್ಕ."

"ನಾನು ಅಷ್ಟೂ ವರ್ಷ ಹೊಟ್ಟೆಕಿಚ್ಚು ಪಟ್ಟೆ ಕಣೇ" ಎಂದಳು ಗವಸಮ್ಮ. "ನಿಮ್ಮಿಬ್ಬರ ನಗು ಕೇಳಿದ್ರೆ ಮೆಷಿನ್ ತುಳೀತಿದ್ದೆ."

"ಗೊತ್ತಿತ್ತು. ಅದಕ್ಕೇ ಇನ್ನಷ್ಟು ಜೋರಾಗಿ ನಗ್ತಿದ್ವಿ."

ಡಬ್ಬಿ ಹುಡುಗಿ ಹೊರಡುವಾಗ ಎರಡು ಗವಸನ್ನೂ ಕೇಳಿದಳು. ಮೇಲಿನವರಿಗೆ ತೋರಿಸುತ್ತೇನೆ, ನನ್ನ ಕಾಗದಕ್ಕಿಂತ ಇದೇ ಚೆನ್ನಾಗಿ ಹೇಳುತ್ತದೆ ಎಂದಳು. ಗವಸಮ್ಮ ಕೊಟ್ಟಳು. ಒಗೆದುಕೊಡಲೇ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡಳು.

ಅವತ್ತೇ ಹಾಸಿಗೆಗಳು ಮತ್ತೆ ಜಾಗ ಬದಲಾದವು. ಆಮೇಲಿನ ಮೂರು ತಿಂಗಳು ಡಬ್ಬಿಗಳು ಬರಿಮೈಯಲ್ಲಿ ಅಳೆದವು. ಬಂದ ಕಾಗದದಲ್ಲಿ ಮುಂದಿನ ಪಟ್ಟಿ ಕಡುಗೆಂಪು, ಹಿಂದಿನದು ಅದೇ ಕಿತ್ತಳೆ. ಸಿಗ್ನಲ್ಲು ಅಲ್ಲಿಂದ ಎದ್ದು ಹೋಗಲಿಲ್ಲ. ಲಾರಿಗಳಿಗೆ ಬೇರೆ ದಾರಿ ಕೊಡುವ ಮಾತು ನಡೆದಿದೆ ಎಂದು ಡಬ್ಬಿ ಹುಡುಗಿ ಬಂದಾಗಲೆಲ್ಲ ಹೇಳುತ್ತಿದ್ದಳು. ಅವಳ ದನಿಯಲ್ಲೂ ಅಂಥ ನಂಬಿಕೆಯೇನೂ ಇರಲಿಲ್ಲ.

ಚಿಕ್ಕವಳ ಸಿಳ್ಳೆ ಪೂರ್ತಿ ಹೋಗಲಿಲ್ಲ. ಮೆಟ್ಟಿಲ ನಡುವೆ ಈಗ ಎರಡು ಸಲ ನಿಲ್ಲಬೇಕು. ಆ ಹದಿನಾಲ್ಕು ದಿನ ಕಿತ್ತುಕೊಂಡದ್ದು ತಿರುಗಿ ಬರಲಿಲ್ಲ. ಅದನ್ನು ಅವಳು ಒಮ್ಮೆಯೂ ಆಡಿ ತೋರಿಸಲಿಲ್ಲ. ಆಡಿದ್ದರೆ ಗವಸಮ್ಮನಿಗೆ ಹಗುರವಾಗುತ್ತಿತ್ತು.

ಹಗಲೆಲ್ಲ ಗವಸಮ್ಮ ಮುಂದಿನ ಕಿಟಕಿಯಲ್ಲಿ ಹೊಲಿಯುವಳು. ಬೆಳಕು ಇಳಿದ ಮೇಲೆ ಮೆಷಿನ್ನಿಗೆ ಗವಸು ಹಾಕಿ ಮೂವತ್ತನಾಲ್ಕು ಹೆಜ್ಜೆ ನಡೆದು ಹೋಗಿ ಚಿಕ್ಕವಳ ಹಾಸಿಗೆಯ ತುದಿಯಲ್ಲಿ ಕೂರುವಳು.

"ಯಾರ್ಯಾರು ಹೋದ್ರು ಇವತ್ತು?" ಇದು ದಿನದ ಪ್ರಶ್ನೆ.

"ಚಪ್ಪಲಿ ಅಂಗಡಿಯವನ ಹಲ್ಲು ಸಡಿಲ ಆಗಿದೆಯಂತೆ, ಡಬ್ಬೀಲಿ ಹಾಕ್ಕೊಂಡು ಹೋಗ್ತಿದ್ದ. ಅಂಚೆಯವನು ಹೊಸ ಬೂಟು ಹಾಕಿದ್ದ, ಕುಂಟುತಿದ್ದ. ಹಳದಿ ಕೊಡೆಯವಳು ಊರಿಗೆ ಹೊರಟ್ಳು, ಪೆಟ್ಟಿಗೆ ಹಿಡ್ಕೊಂಡು."

"ಅವಳು ನಿನ್ನೆನೇ ಹೋದಳು ಅಂದ್ಯಲ್ಲ."

"ಇವತ್ತು ವಾಪಸ್ ಬಂದಳು."

"ಬಂದಿದ್ದೋ ಹೊರಟಿದ್ದೋ ಒಂದು ಹೇಳು. ಕಣ್ಣಲ್ಲಿ ಪೊರೆ ಇಟ್ಕೊಂಡು ನಂಗೆ ಕತೆ ಕಟ್ತೀಯಾ?"

ಗವಸಮ್ಮ ನಗಲು ಹೋಗಿ ಕೆಮ್ಮಿದಳು. ಒಂದಲ್ಲ, ಬಿಡದೆ ನಾಲ್ಕು ಸಲ. ಚಿಕ್ಕವಳು ದಿಂಬಿನಿಂದ ಮೇಲೆದ್ದು ಕೂತಳು.

"ಏನದು?"

"ಏನಿಲ್ಲ. ಗಂಟಲಲ್ಲಿ ದಾರ ಸಿಕ್ಕಿಕೊಂಡಿದೆ."

"ಎಷ್ಟು ದಿನದಿಂದ ಸಿಕ್ಕಿಕೊಂಡಿದೆ?"

ಗವಸಮ್ಮ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಡಬ್ಬಿಯ ಹಸಿರು ದೀಪ ಮಿಣಮಿಣ ಎನ್ನುತ್ತಿತ್ತು.

"ನಾಳೆ ಮೆಷಿನ್ನು ಇಲ್ಲಿಗೆ ತಾ" ಎಂದಳು ಚಿಕ್ಕವಳು. "ಈ ಕಿಟಕಿ ಪಕ್ಕ ಹಾಕೋಣ. ನಿನ್ನ ಹಾಸಿಗೆನೂ ತಾ."

"ಇಲ್ಲಿ ಕತ್ತಲೆ. ಇಬ್ಬರು ಮಲಗೋಕೆ ಜಾಗ ಎಲ್ಲಿ?"

"ದೀಪ ಹಾಕ್ಕೋ. ಸೂಜಿಗೆ ನಾನು ಪೋಣಿಸಿ ಕೊಡ್ತೀನಿ. ಜಾಗಕ್ಕೆ ಕಾಲು ಮಡಿಸ್ಕೋ. ದೊಡ್ಡವಳು ನೀನು, ಹೊಂದ್ಕೋಬೇಕು."

ಅತ್ತೆಯ ದನಿಯನ್ನು ಅವಳು ಹಾಗೆಯೇ ತೆಗೆದಿದ್ದಳು. ಗವಸಮ್ಮ ಅವಳನ್ನೇ ನೋಡಿದಳು. ಆಮೇಲೆ ಕಾಲು ಮೇಲೆತ್ತಿ ಹಾಸಿಗೆಯ ಮೇಲಿಟ್ಟುಕೊಂಡಳು, ಮಂಡಿ ನೋಯುತ್ತಿತ್ತು.

"ಮೆಷಿನ್ನು ಇಲ್ಲಿಗೆ ಬಂದ್ರೆ ರಸ್ತೇಲಿ ಯಾರು ಹೋದ್ರು ಅಂತ ನಿಂಗೆ ಯಾರೇ ಹೇಳ್ತಾರೆ?"

"ಹೇಗೂ ಅರ್ಧ ಸುಳ್ಳೇ ಹೇಳೋದು ನೀನು. ಇಲ್ಲೇ ಕೂತ್ಕೊಂಡು ಹೇಳು."